ಬೀಗದಣ್ಣನ ಅಂಗಡಿಯ ಅಧಿಕೃತ ನಿವಾಸಿ

ಬ್ಯಾಂಕು ಎಂದೂ ತಪ್ಪು ವಿಳಾಸಕ್ಕೆ ಪತ್ರ ಕಳಿಸುವುದಿಲ್ಲ. ಗ್ರಾಹಕರು ತಪ್ಪು ವಿಳಾಸದಲ್ಲಿ ವಾಸವಾಗಿರುತ್ತಾರೆ. ಇದು ಸರ್ವರೂ ಬಲ್ಲ ಸಂಗತಿ. ಬೀಗದಣ್ಣನಿಗೆ ಮಾತ್ರ ಐವತ್ತೊಂದು ವರ್ಷ ತುಂಬುವವರೆಗೂ ಗೊತ್ತಿರಲಿಲ್ಲ.

ಬೀಗ ರಿಪೇರಿ ಮಾಡುವುದು, ಕಳೆದುಹೋದ ಕೀಲಿಕೈಗೆ ಜೋಡಿ ಮಾಡಿಕೊಡುವುದು ಅವನ ಕಸುಬು. ಅಂಗಡಿಯಲ್ಲಿ ಮೂವರು ನಿಂತರೆ ನಾಲ್ಕನೆಯವರು ಬೀದಿಯಲ್ಲೇ ನಿಂತು ಉಸಿರಾಡಬೇಕು, ಅಷ್ಟು ಜಾಗ. ಊರಿನ ಅರ್ಧ ಬಾಗಿಲುಗಳನ್ನು ತೆರೆದ ಕೈ ಅದು, ಆದರೆ ಪರರ ಕಾಗದ ಒಡೆದ ಕೈಯಲ್ಲ. ಹಾಗಾಗಿ ಯಾರೋ ಹೆಂಗಸಿನ ಹೆಸರಿಗೆ, ತನ್ನ ಅಂಗಡಿಯ ವಿಳಾಸಕ್ಕೆ ಬ್ಯಾಂಕಿನ ಕವರು ಬಂದಾಗ ಅದನ್ನು ಹಳೇ ಬೀಗಗಳ ಡಬ್ಬಿಯ ಕೆಳಗೆ ಜೋಪಾನವಾಗಿಟ್ಟ. ಮುಂದಿನ ತಿಂಗಳು ಎರಡನೆಯದು ಬಂತು. ಮೂರನೆಯದು ಹೆಂಡತಿಯ ಕೈಗೆ ಸಿಕ್ಕಿತು.

"ಯಾರ್ರೀ ಇವಳು?"

"ನನಗೇನು ಗೊತ್ತೇ?"

"ಮೂರು ತಿಂಗಳಿಂದ ಕಾಗದ ಬರ್ತಿದೆ, ಇವರಿಗೆ ಗೊತ್ತಿಲ್ವಂತೆ!"

"ಬರೆದಿರೋದು ಬ್ಯಾಂಕು ಕಣೇ."

"ಬಚ್ಚಿಟ್ಟಿದ್ದು ಯಾರು?"

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಗಂಡ ಇನ್ನೂ ಹುಟ್ಟಿಲ್ಲವಾದ್ದರಿಂದ ಅವಳು ಮೂರೂ ಕವರುಗಳನ್ನು ಪರ್ರನೆ ಹರಿದಳು. ಪ್ರೇಮಪತ್ರ ಸಿಗಲಿಲ್ಲ. ಸಿಕ್ಕಿದ್ದು ಖಾತೆಯ ವಿವರ: ಆಸ್ಪತ್ರೆಯ ಪಿಂಚಣಿ, ಔಷಧಿ ಅಂಗಡಿ, ವಾರಕ್ಕೆರಡು ಸಲ ಒಂದೇ ಬೇಕರಿ. ಮೂರನೆಯ ಕವರಿನಲ್ಲಿ ಗುಲಾಬಿ ಬಣ್ಣದ ಚೀಟಿಯೂ ಇತ್ತು. "ಸದರಿ ಖಾತೆದಾರರು ಹಿಂದಿನ ಎರಡು ಪತ್ರಗಳಿಗೆ ಉತ್ತರಿಸದೆ ಬ್ಯಾಂಕನ್ನು ಕಡೆಗಣಿಸಿರುವುದರಿಂದ, ಇದೇ ತಿಂಗಳ ಇಪ್ಪತ್ತರೊಳಗೆ ವಿಳಾಸ ದೃಢಪಡಿಸದಿದ್ದಲ್ಲಿ ಖಾತೆಯನ್ನು ಸ್ಥಗಿತಗೊಳಿಸಲಾಗುವುದು."

ಹೆಂಡತಿಯ ಸಿಟ್ಟು ಜರ್ರನೆ ಇಳಿಯಿತು. "ಪಾಪ ರೀ, ಯಾರೋ ವಯಸ್ಸಾದೋರು. ಈಗಲೇ ಹೋಗಿ ಹೇಳಿ ಬನ್ನಿ."

ಬ್ಯಾಂಕಿನಲ್ಲಿ ಇಂಥದ್ದಕ್ಕೆಂದೇ 'ತಪ್ಪಿ ತಲುಪಿದ ಪತ್ರಗಳ ವಿಭಾಗ' ಇತ್ತು. ಬ್ಯಾಂಕಿನಲ್ಲೆಲ್ಲ ಅತಿ ಉದ್ದದ ಸಾಲು ಅದರ ಮುಂದೆಯೇ ಇದ್ದುದರಿಂದ, ವಿಭಾಗ ಚೆನ್ನಾಗಿ ನಡೆಯುತ್ತಿದೆಯೆಂದು ಬೀಗದಣ್ಣನಿಗೆ ಧೈರ್ಯ ಬಂತು. ಎರಡು ಗಂಟೆಯ ನಂತರ ಗುಮಾಸ್ತ ಕವರುಗಳನ್ನು ತಿರುಗಿಸಿ ನೋಡಿದ.

"ಇದನ್ನ ಒಡೆದೋರು ಯಾರು?"

"ನಮ್ಮನೆಯವಳು ಸಾರ್."

"ಪರರ ಖಾತೆಯ ಗೋಪ್ಯತಾಭಂಗ," ಎಂದು ಗುಮಾಸ್ತ ಬರೆದುಕೊಂಡ.

"ಒಡೀದೇ ಇದ್ದಿದ್ರೆ?"

"ಬ್ಯಾಂಕಿನ ಪತ್ರದ ಉಪೇಕ್ಷೆ. ಅದು ಇನ್ನೂ ದೊಡ್ಡದು. ಇರಲಿ, ಪತ್ರ ವಾಪಸು ಕೊಡೋ ಅರ್ಜಿಗೆ ಖಾತೆದಾರರ ಸಹಿ ಮಾಡಿಸ್ಕೊಂಡು ಬನ್ನಿ."

"ಅವರೆಲ್ಲಿರ್ತಾರೋ ನನಗೆ ಗೊತ್ತಿಲ್ವಲ್ಲ ಸಾರ್. ವಿಳಾಸ ಕೊಡ್ತೀರಾ?"

"ಗ್ರಾಹಕರ ವಿಳಾಸ ಗೋಪ್ಯ," ಎಂದ ಗುಮಾಸ್ತ. ಆಮೇಲೆ ಮನುಷ್ಯತ್ವ ಇಣುಕಿ, ದನಿ ತಗ್ಗಿಸಿದ. "ಆದ್ರೂ ನೀವು ಒಳ್ಳೇವ್ರ ಥರ ಕಾಣ್ತೀರಿ. ಕವರ್ ಮೇಲೆ ಬರೆದಿದೆ, ನೋಡ್ಕೊಳ್ಳಿ."

ಬೀಗದಣ್ಣ ನೋಡಿಕೊಂಡ. ತನ್ನದೇ ಅಂಗಡಿ.

ಬರಿಗೈಲಿ ಮನೆಗೆ ಹೋಗುವ ಧೈರ್ಯ ಅವನಿಗಿರಲಿಲ್ಲ. ವಿವರದಲ್ಲಿದ್ದ ಬೇಕರಿಗೇ ಹೋಗಿ, ಚೀಟಿಯಲ್ಲಿದ್ದ ಹೆಸರು ಓದಿದ. ಬೇಕರಿಯವನು ಕೈ ಒರೆಸಿಕೊಂಡು ನಕ್ಕ. "ಅಯ್ಯೋ, ನಮ್ಮ ನರ್ಸಮ್ಮ! ಎದುರಿಗೇ, ಮಹಡಿ ಮೇಲಿನ ರೂಮು." ಬ್ಯಾಂಕು ಗೋಪ್ಯವಾಗಿಟ್ಟಿದ್ದ ಮಾಹಿತಿ ಹೀಗೆ ಅರ್ಧ ನಿಮಿಷದಲ್ಲಿ ಬಯಲಾಯಿತು.

ನರ್ಸಮ್ಮನಿಗೆ ಎಪ್ಪತ್ತರ ಮೇಲಾಗಿತ್ತು. ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದವರು, ಒಂಟಿ ಜೀವ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇಪ್ಪತ್ತೆರಡಕ್ಕೆ ಆಪರೇಷನ್ ನಿಗದಿಯಾಗಿತ್ತು. ಅದಕ್ಕೆಂದು ಕೂಡಿಟ್ಟದ್ದೆಲ್ಲ ಇದೇ ಖಾತೆಯಲ್ಲಿ.

ಬೀಗದಣ್ಣ ಎಲ್ಲವನ್ನೂ ಓದಿ ಹೇಳಿದ ಮೇಲೆ ಅವರು ಮೂರೂ ಕವರುಗಳನ್ನು ಕೈಗೆ ತೆಗೆದುಕೊಂಡರು. "ನಾನು ತಿನ್ನೋ ಬ್ರೆಡ್ಡಿನ ಲೆಕ್ಕ ನಿಮಗೆ ಗೊತ್ತು, ನಿಮ್ಮ ಹೆಂಡ್ತಿಗೆ ಗೊತ್ತು, ಗುಮಾಸ್ತನಿಗೆ ಗೊತ್ತು. ನನ್ನೊಬ್ಬಳನ್ನ ಬಿಟ್ಟು," ಎಂದರು. ಎದ್ದು ಚೀಲ ತೆಗೆದುಕೊಂಡರು. "ನಡಿಯಪ್ಪ, ಇವತ್ತೇ ಹದಿನೇಳು."

ಮ್ಯಾನೇಜರ್ ಸಭ್ಯಸ್ಥರು. ಇಬ್ಬರನ್ನೂ ಕೂರಿಸಿ, ಕಂಪ್ಯೂಟರ್ ನೋಡಿ, ಸಮಸ್ಯೆಯೇ ಇಲ್ಲವೆಂದರು.

"ಹಾಲಿ ವಿಳಾಸ ಬದಲಾಯಿಸ್ಬೇಕಾದ್ರೆ ಮೊದಲು ನೀವು ಅಲ್ಲಿ ವಾಸವಿದ್ದೀರಿ ಅಂತ ರುಜುವಾತಾಗ್ಬೇಕಮ್ಮ."

"ನಾನು ಅಲ್ಲಿ ವಾಸವಿಲ್ಲ ಅಂತ ತಾನೇ ಬದಲಾಯಿಸ್ತಿರೋದು?"

"ಹೌದಲ್ವಾ? ನೀವು ವಾಸವೇ ಇಲ್ಲದ ಮನೆ ಬಿಟ್ಟು ಹೋಗೋದಾದ್ರೂ ಹೇಗೆ?"

ನರ್ಸಮ್ಮ ಬೀಗದಣ್ಣನ ಕಡೆ ನೋಡಿದರು. ಆತ ನೆಲ ನೋಡುತ್ತಿದ್ದ. ವಾದದಲ್ಲಿ ಎಲ್ಲೋ ತೂತಿದೆ ಅನ್ನಿಸಿದರೂ ಕೀಲಿ ಹಾಕುವ ಜಾಗ ಮಾತ್ರ ಅವನಿಗೆ ಕಾಣಲಿಲ್ಲ. ಪರಿಶೀಲನಾಧಿಕಾರಿ ಹತ್ತೊಂಬತ್ತರಂದು ಸ್ಥಳಕ್ಕೆ ಬರುವರೆಂದು ಮ್ಯಾನೇಜರ್ ತಿಳಿಸಿದರು. ನಿಯಮ ಹದಿನಾಲ್ಕರ ಪ್ರಕಾರ ವಾಸ ಎಂದರೆ ಒಂದು ಕುರ್ಚಿ, ಒಂದು ಲೋಟ ಮತ್ತು ಬಟ್ಟೆ ತೂಗುಹಾಕಲು ಒಂದು ಮೊಳೆ.

ಹತ್ತೊಂಬತ್ತರ ಬೆಳಿಗ್ಗೆ ಬೀಗದಣ್ಣನ ಹೆಂಡತಿ ಮನೆಯಿಂದ ಒಳ್ಳೆಯ ಕುರ್ಚಿಯನ್ನೇ ತಂದು ಹಾಕಿದಳು. ಗಂಡನ ಕೆಲಸದ ಮೇಜನ್ನು ಬೀದಿಗೆ ಸರಿಸಿದಳು. ನರ್ಸಮ್ಮ ಸೀರೆಯೊಂದನ್ನು ಮೊಳೆಗೆ ನೇತುಹಾಕಿ, ಲೋಟ ಹಿಡಿದು ವಾಸವಾಗತೊಡಗಿದರು.

ಅಧಿಕಾರಿ ಬಂದು, ಅಳತೆ ಪಟ್ಟಿ ಬಿಚ್ಚಿ ಅಂಗಡಿಯ ಉದ್ದಗಲ ಅಳೆದ. "ಅಮ್ಮ, ಮಲಗೋದೆಲ್ಲಿ?"

"ಕೂತಲ್ಲೇ. ಮೂವತ್ತೆರಡು ವರ್ಷ ರಾತ್ರಿಪಾಳಿ ಮಾಡಿದ್ದೀನಿ."

ಅಧಿಕಾರಿ ಮೆಚ್ಚಿ ತಲೆದೂಗಿದ. ಆಮೇಲೆ ಬೀದಿಯಲ್ಲಿ ಕೀಲಿಕೈಗೆ ಅರ ಉಜ್ಜುತ್ತಿದ್ದ ಬೀಗದಣ್ಣನತ್ತ ತಿರುಗಿದ. "ಇವರ್ಯಾರು?"

"ಅಂಗಡಿ ನನ್ನದೇ ಸಾರ್. ನನ್ನ ಖಾತೆಗೂ ಇದೇ ವಿಳಾಸ."

"ಅದು ಸಾಧ್ಯವಿಲ್ಲ. ಇಷ್ಟು ಚದರಡಿಗೆ ಒಬ್ಬರೇ ವಾಸಿ. ನಿಮಗೆ ಕುರ್ಚಿಯೂ ಇಲ್ಲ." ಬೀಗದಣ್ಣ ಬಾಯಿ ತೆರೆದ. ಹೆಂಡತಿ ಅವನ ಕಾಲು ತುಳಿದಳು. ನರ್ಸಮ್ಮನ ಕಣ್ಣಿನ ಆಪರೇಷನ್ನಿನ ಪ್ರಶ್ನೆ ಅದು. ಅವನು ಬಾಯಿ ಮುಚ್ಚಿದ.

ಮರುದಿನವೇ ವಿಳಾಸ ದೃಢವಾಯಿತು. ಖಾತೆ ಉಳಿಯಿತು. ಇಪ್ಪತ್ತೆರಡಕ್ಕೆ ಆಪರೇಷನ್ ಆಯಿತು, ದೇವರ ದಯೆಯಿಂದ ಎಲ್ಲ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದ ಮೇಲೆ ನರ್ಸಮ್ಮ ಮೊದಲು ಸ್ಪಷ್ಟವಾಗಿ ಓದಿದ್ದು ಬ್ಯಾಂಕಿನ ಆದೇಶವನ್ನು: "ಅರ್ಜಿದಾರರು ಹಾಲಿ ವಿಳಾಸದಲ್ಲಿಯೇ ವಾಸವಿರುವುದು ನಿಸ್ಸಂಶಯವಾಗಿ ರುಜುವಾತಾಗಿರುವುದರಿಂದ, ವಿಳಾಸ ಬದಲಾವಣೆಯ ಕೋರಿಕೆಯನ್ನು ಅನಗತ್ಯವೆಂದು ವಜಾಗೊಳಿಸಿದೆ. ಸದರಿ ಅಂಗಡಿಯಿಂದ ತೆರವಾದ ಗ್ರಾಹಕರಿಗೆ ಖಾಲಿಯಿರುವ ಮಹಡಿ ಕೋಣೆಯ ವಿಳಾಸವನ್ನು ಮಂಜೂರು ಮಾಡಿದೆ."

ನರ್ಸಮ್ಮ ಆದೇಶವನ್ನು ಎರಡು ಸಲ ಓದಿ, ಮೂರನೆಯ ಸಲ ಕಣ್ಣಿನ ಡಾಕ್ಟರ ಹತ್ತಿರ ಓದಿಸಿದರು. ಕಣ್ಣಿನಲ್ಲಿ ದೋಷವಿಲ್ಲ ಎಂದರು ಡಾಕ್ಟರು.

ಹೀಗೆ ಬೀಗದಣ್ಣನ ಪತ್ರ ನರ್ಸಮ್ಮನ ಮನೆಗೆ, ನರ್ಸಮ್ಮನ ಪತ್ರ ಬೀಗದಣ್ಣನ ಅಂಗಡಿಗೆ ಬರತೊಡಗಿತು. ನರ್ಸಮ್ಮನ ಮನೆಯೆದುರಿನ ಬೇಕರಿಯಲ್ಲಿ ಅದಲು ಬದಲು ಮಾಡಿಕೊಳ್ಳುವುದು ಅನುಕೂಲವೆಂದು ಇಬ್ಬರೂ ಶನಿವಾರ ಗೊತ್ತುಮಾಡಿಕೊಂಡರು. ಸುದ್ದಿ ಹರಡಿ, ಮೊದಲನೆಯ ಶನಿವಾರವೇ ಊರಿನ ಹಲ್ಲಿನ ಡಾಕ್ಟರು ತಪ್ಪಿ ತಮಗೆ ಬಂದಿದ್ದ ಮರಗೆಲಸದವನ ಹೆಸರಿನ ಪತ್ರ ಹಿಡಿದುಕೊಂಡು ಬಂದರು. ನಾಲ್ಕನೆಯ ಶನಿವಾರ ಸಾಲು ಬೀದಿಯ ತಿರುವಿನವರೆಗೂ ಹೋಯಿತು. ಬೇಕರಿಯವನು ಬನ್ನು ಜಾಸ್ತಿ ಬೇಯಿಸಿದ. ಬ್ಯಾಂಕು ಪತ್ರಿಕಾ ಪ್ರಕಟಣೆ ಹೊರಡಿಸಿ, ಗ್ರಾಹಕರ ನಡುವೆ ಸ್ನೇಹ ಬೆಳೆಸುವ ತನ್ನ ಯೋಜನೆ ನಿರೀಕ್ಷೆಗೂ ಮೀರಿ ಫಲಿಸಿದೆಯೆಂದೂ, ತಪ್ಪಿ ತಲುಪಿದ ಪತ್ರಗಳ ವಿಭಾಗವನ್ನು ಯಶಸ್ಸಿನ ಕಾರಣದಿಂದ ಮುಚ್ಚಲಾಗಿದೆಯೆಂದೂ ತಿಳಿಸಿತು. ಜನ ಇದನ್ನು ಓದಿ, ಒಳ್ಳೆಯದೇ ಆಯಿತು ಎಂದರು.

ಒಂದು ಶನಿವಾರ ಸಾಲಿನ ಕೊನೆಯಲ್ಲಿ ಮ್ಯಾನೇಜರ್ ನಿಂತಿದ್ದರು. ಸರದಿ ಬಂದಾಗ, ಪತ್ರ ಹಂಚುತ್ತಿದ್ದ ನರ್ಸಮ್ಮನಿಗೆ ಕೈಮುಗಿದರು.

"ನನ್ನ ಬಡ್ತಿ ಆದೇಶ ಯಾರಿಗಾದ್ರೂ ಬಂದಿದ್ಯಾಮ್ಮ?"

ನರ್ಸಮ್ಮ ಕಟ್ಟಿನಿಂದ ಕವರೊಂದನ್ನು ಹೆಕ್ಕಿ, ಹೆಸರು ಓದಿ, ಅವರ ಮುಖವನ್ನೊಮ್ಮೆ ನೋಡಿದರು. "ಬಂದಿದೆ. ಆದ್ರೆ ನೀವೇ ಅವರು ಅನ್ನೋದಕ್ಕೆ ಏನು ದಾಖಲೆ ಇದೆ?"

ಯಾರೂ ನಗಲಿಲ್ಲ. ಮ್ಯಾನೇಜರ್ ಕೂಡ ಬೇಸರಪಟ್ಟುಕೊಳ್ಳಲಿಲ್ಲ. ನಿಯಮ ಅಂದರೆ ನಿಯಮ ಎಂದು ತಮ್ಮ ಎರಡು ಫೋಟೊ ತರಲು ಮನೆಗೆ ಹೋದರು.