ಮಾವನ ಒಲೆಗೆ ಹೊಸ ಬಿಲ್ಲೆ

ಮಾವ ತೀರಿಕೊಂಡ ಮೇಲೆ ಅವರ ಮನೆ ಮಗನಿಗೆ ಹೋಯಿತು, ಕಾರೂ ಮಗನಿಗೇ ಹೋಯಿತು. ಅಳಿಯನ ಪಾಲಿಗೆ ಬಂದದ್ದು ಒಲೆ. ಒಲೆ ಎಂದರೆ ಅಡುಗೆಮನೆಯ ಒಲೆಯಲ್ಲ. ದಪ್ಪ ಸೆರಾಮಿಕ್ಕಿನ, ಮೊಟ್ಟೆಯಾಕಾರದ, ಮೇಲೊಂದು ಭಾರದ ಮುಚ್ಚಳವಿರುವ ಇದ್ದಿಲು ಗ್ರಿಲ್. ನಾಲ್ಕು ಜನ ಹೊತ್ತು ತಂದು ಹಿತ್ತಿಲಲ್ಲಿ ಇಳಿಸಿದಾಗ ಅದು ಥೇಟ್ ಮಾವನ ಹಾಗೆಯೇ ಹೊಟ್ಟೆ ಮುಂದೆ ಮಾಡಿಕೊಂಡು, ಏನನ್ನೂ ಮೆಚ್ಚದ ಗತ್ತಿನಲ್ಲಿ ನಿಂತುಕೊಂಡಿತು.

ಬದುಕಿರುವಷ್ಟು ದಿನ ಮಾವ ಆ ಒಲೆಯ ಹತ್ತಿರ ಯಾರನ್ನೂ ಬಿಟ್ಟವರಲ್ಲ. ಕೆಂಡಕ್ಕೂ ಮಾಂಸಕ್ಕೂ ನಡುವೆ ಒಂದು ಸೆರಾಮಿಕ್ ಬಿಲ್ಲೆ ಇಟ್ಟು, ನೇರ ಉರಿ ತಾಗದಂತೆ, ಬಿಸಿ ಮಾತ್ರ ಬಿಲ್ಲೆಯ ಅಂಚು ಬಳಸಿ ಮೇಲೆ ಬರುವಂತೆ ಮಾಡಿ, ಆರು ಗಂಟೆ ನಿಧಾನಕ್ಕೆ ಬೇಯಿಸುತ್ತಿದ್ದರು. ನೀರು ಸರಬರಾಜು ಕಚೇರಿಯ ಗುಮಾಸ್ತನಾದ ಅಳಿಯ ಮದುವೆಯಾದಂದಿನಿಂದ ತಟ್ಟೆ ಹಿಡಿದು ನಿಂತದ್ದೇ ಬಂತು. ಅವನ ಬಗ್ಗೆ ಮಾವನಿಗಿದ್ದ ಅಭಿಪ್ರಾಯ ಒಂದೇ: ಇವನ ಕೈಗೆ ಬೆಂಕಿಪೆಟ್ಟಿಗೆ ಕೊಟ್ಟರೆ ಕಡ್ಡಿ ಹತ್ತುವುದಿಲ್ಲ, ಪೆಟ್ಟಿಗೆ ಹತ್ತುತ್ತದೆ. ಇದನ್ನು ಅವರು ನೆಂಟರ ಮುಂದೆಯೂ ಹೇಳುತ್ತಿದ್ದರು.

ಮಾವ ಹೋಗಿ ಆ ಭಾನುವಾರಕ್ಕೆ ಒಂದು ವರ್ಷ. ಮಧ್ಯಾಹ್ನ ಎಲ್ಲರೂ ಸಮಾಧಿಯ ಹತ್ತಿರ ಸೇರಿ ಸ್ಮಾರಕ ಫಲಕದ ಮುಸುಕು ತೆಗೆಯುವುದು, ಆಮೇಲೆ ಅಳಿಯನ ಮನೆಯಲ್ಲಿ ಊಟ ಎಂದು ನಿಗದಿಯಾಗಿತ್ತು. ಅಪ್ಪನ ಒಲೆಯಲ್ಲೇ, ಅಪ್ಪನ ಹಾಗೆಯೇ ಬೇಯಿಸಬೇಕು ಎಂದು ಹೆಂಡತಿ ಪಟ್ಟು ಹಿಡಿದಿದ್ದಳು. ಅಳಿಯನಿಗೂ ಒಳಗೊಳಗೇ ಒಂದು ಆಸೆ ಇತ್ತು. ಜನ್ಮದಲ್ಲಿ ಒಂದು ಸಲ ಅತ್ತೆಯ ಬಾಯಿಂದ ಚೆನ್ನಾಗಿದೆ ಅನ್ನಿಸಿಕೊಳ್ಳಬೇಕು.

ಆದರೆ ಹತ್ತು ದಿನದ ಹಿಂದೆ, ಕೈ ಪಳಗಲಿ ಎಂದು ಒಲೆ ಹಚ್ಚಲು ಹೋಗಿ, ಹಳೆಯ ಬಿಲ್ಲೆಯನ್ನು ಚೆನ್ನಾಗಿ ತೊಳೆದು ಒದ್ದೆಯಾಗಿಯೇ ಕೆಂಡದ ಮೇಲೆ ಇಟ್ಟುಬಿಟ್ಟಿದ್ದ. ಅದು ಢಬ್ ಎಂದು ಎರಡು ಹೋಳಾಯಿತು. ಹೆಂಡತಿ ಊರಾಚೆಯ ಸೆರಾಮಿಕ್ ಕಾರ್ಖಾನೆಗೆ ಫೋನು ಮಾಡಿ, ಅಪ್ಪನ ಫಲಕದ ಜೊತೆಗೆ ಒಲೆಯ ಬಿಲ್ಲೆಯನ್ನೂ ಕಳಿಸಲು ಹೇಳಿದಳು. ಫಲಕ ನೆಟ್ಟಗೆ ಸ್ಮಶಾನದ ಗಾರೆಯವನಿಗೆ, ಬಿಲ್ಲೆ ಮನೆಗೆ.

ಶನಿವಾರ ಸಂಜೆ ಬಂದ ಪೆಟ್ಟಿಗೆಯನ್ನು ಅಳಿಯ ಭಾನುವಾರ ಬೆಳಿಗ್ಗೆ ಆರಕ್ಕೆ ಒಡೆದ. ಬಿಳಿಯ ಗುಂಡು ಬಿಲ್ಲೆ, ಮೇಲ್ಗಡೆ ಎರಡು ತೂತು. ಒಂದು ಮುಖಕ್ಕೆ ದಪ್ಪ ಬಿಳಿ ಹಾಳೆ ಅಂಟಿಸಿ, ‘ಕೊನೆಯಲ್ಲಿ ತೆಗೆಯಿರಿ’ ಎಂದು ಬರೆದಿತ್ತು. ಒಲೆಯೊಳಗೆ ಇಳಿಸಿ ನೋಡಿದರೆ ಅದು ನಾಲ್ಕೂ ಕಡೆ ಗೋಡೆಗೆ ಕಚ್ಚಿಕೊಂಡು ಕೂತುಬಿಟ್ಟಿತು. ಬಿಸಿ ಮೇಲೆ ಬರುವುದಿರಲಿ, ಇರುವೆ ಬರಲೂ ಸಂದಿಯಿರಲಿಲ್ಲ. ಆಕಾಶ ಮೋಡ ಕಟ್ಟಿಕೊಂಡು ಅವನ ಮುಖದ ಹಾಗೆಯೇ ಇತ್ತು.

ಮೇಲಿನ ಮನೆಯ ಟೈಲ್ಸ್ ಮೇಸ್ತ್ರಿ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಾ ಇದನ್ನೆಲ್ಲ ನೋಡುತ್ತಿದ್ದ. ಕರೆಯದೆಯೇ ಕಟಿಂಗ್ ಮಷೀನು ಹಿಡಿದು ಇಳಿದು ಬಂದ.

“ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಾ ಸಾರ್? ಸುತ್ತ ಒಂದೊಂದು ಇಂಚು ಹೊಡೆದ್ರೆ ಆಯ್ತು.”

ಮಷೀನು ಕಿರುಚಿತು. ಬಿಲ್ಲೆಯನ್ನು ಒತ್ತಿ ಹಿಡಿದುಕೊಂಡಿದ್ದ ಅಳಿಯ ಮುಡಿಯಿಂದ ಅಡಿಯವರೆಗೆ ಬೆಳ್ಳಗಾದ. ಕತ್ತರಿಸಿ ಮುಗಿದಾಗ ಬಿಲ್ಲೆ ಇಲಿ ಸುತ್ತಲೂ ಕಡಿದ ಬಿಸ್ಕತ್ತಿನ ಹಾಗಿತ್ತು. ಆದರೆ ಒಲೆಯೊಳಗೆ ಸರಾಗವಾಗಿ ಕೂತಿತು. ಆ ತೂತು ಯಾಕೆ ಎಂದು ಕೇಳಿದ್ದಕ್ಕೆ ಗಾಳಿಯಾಡಲು ಎಂದ ಮೇಸ್ತ್ರಿ. ಅವನ ಹತ್ತಿರ ಉತ್ತರವಿಲ್ಲದ ಪ್ರಶ್ನೆಯೇ ಇರಲಿಲ್ಲ. ಅಂಟಿದ ಹಾಳೆ ಮಾತ್ರ ಉಗುರು ಮುರಿದರೂ ಬಿಡಲೊಲ್ಲದು.

“ಬಿಡಿ ಸಾರ್, ಉರಿಗೆ ತಾನಾಗೇ ಬಿಡುತ್ತೆ. ಆ ಮುಖ ಕೆಳಗೆ ಹಾಕಿ.”

ಆ ಮುಖವನ್ನು ಕೆಳಗೆ ಹಾಕಿದ. ಕೆಂಡ ಕೆಂಪಾಗುತ್ತಿದ್ದ ಹಾಗೆ ಒಲೆಯಿಂದ ಕಪ್ಪು ಹೊಗೆ ಎದ್ದು ಬೀದಿಯನ್ನೇ ಮುಚ್ಚಿತು.

ಪಕ್ಕದ ಮನೆಯಲ್ಲಿ ಅಗ್ನಿಶಾಮಕ ದಳದಿಂದ ನಿವೃತ್ತರಾದ ಯಜಮಾನರಿದ್ದರು. ನಿವೃತ್ತಿಯಾಗಿ ಎಂಟು ವರ್ಷ, ಒಂದೇ ಒಂದು ಬೆಂಕಿ ಅವರನ್ನು ಹುಡುಕಿಕೊಂಡು ಬಂದಿರಲಿಲ್ಲ. ಗಿಡಕ್ಕೆ ನೀರು ಬಿಡುವ ಪೈಪನ್ನೇ ಎಳೆದುಕೊಂಡು, ಕಾಂಪೌಂಡು ಹತ್ತಿ, ಹತ್ತು ವರ್ಷ ಚಿಕ್ಕವರಾದಂತೆ ಹಾರಿ ಬಂದರು. ಕಾದ ಸೆರಾಮಿಕ್ಕಿಗೆ ನೀರು ಬಿದ್ದರೆ ಏನಾಗುತ್ತದೆಂದು ಬಲ್ಲ ಅಳಿಯ ಎರಡೂ ಕೈ ಚಾಚಿ ಅಡ್ಡ ನಿಂತ. ನೀರೆಲ್ಲ ಅವನ ಮೇಲೆಯೇ ಬಿತ್ತು. ಮೈಮೇಲಿನ ಪುಡಿ ಕಲಸಿ ಗಾರೆಯಾಯಿತು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಕಾಣಿಸಿಕೊಂಡಳು, ನೋಡಿದಳು, ಮೆಲ್ಲಗೆ ಕಿಟಕಿ ಮುಚ್ಚಿದಳು. ಅವಳು ಬೈದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಂಬತ್ತರ ಹೊತ್ತಿಗೆ ಹೊಗೆ ತಿಳಿಯಾಯಿತು. ಮಾಂಸ ಇಟ್ಟು ಮುಚ್ಚಳ ಹಾಕಿದ. ಆಮೇಲೆ ಆದದ್ದನ್ನು ಅವನೇ ನಂಬಲಿಲ್ಲ. ಮುಚ್ಚಳದ ಮೇಲಿನ ಶಾಖಮಾಪಕದ ಮುಳ್ಳು ಮಾವ ಹೇಳುತ್ತಿದ್ದ ಗೆರೆಗೇ ಬಂದು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಹಿತ್ತಿಲಿಗೆಲ್ಲ ಆ ಹಳೆಯ ಪರಿಮಳ ಹರಡಿತು. ಹೆಂಡತಿ ಕಿಟಕಿ ತೆರೆದಳು. ಮೂರು ಗಂಟೆಗೆ ಯಜಮಾನರನ್ನು ಪೈಪಿನ ಸಮೇತ ಕಾವಲಿಗೆ ಕೂರಿಸಿ ಗಂಡಹೆಂಡತಿ ಸ್ಮಶಾನಕ್ಕೆ ಹೊರಟರು.

ಅತ್ತೆಯೂ ಅವರ ಮಗನಾದ ಭಾವನೂ ಮೊದಲೇ ಬಂದಿದ್ದರು. ಗಾರೆಯವನು ಫಲಕವನ್ನು ಸಿಮೆಂಟಿನಲ್ಲಿ ಕೂರಿಸಿ ಬಟ್ಟೆ ಹೊದಿಸಿದ್ದ. ಎಲ್ಲರೂ ತಲೆ ತಗ್ಗಿಸಿ ನಿಂತರು. ಅತ್ತೆ ಬಟ್ಟೆ ಎಳೆದರು. ಬೂದುಬಣ್ಣದ ಬೋಳು ಬಿಲ್ಲೆಯೊಂದು ಕಾಣಿಸಿತು. ಚಿತ್ರವಿಲ್ಲ, ಹೆಸರಿಲ್ಲ, ಎರಡು ಸಾಲು ಅಕ್ಷರ ಮಾತ್ರ.

ಕನ್ನಡಕ ತಂದಿರದ ಅತ್ತೆ ಮಗನ ಕಡೆ ತಿರುಗಿದರು. “ಏನಂತ ಬರ್ಸಿದೀರ? ಓದು.”

ಭಾವ ಬಗ್ಗಿ ನೋಡಿದ. “ಈ ಬದಿ ಬೆಂಕಿಯ ಕಡೆಗೆ ಇರಲಿ,” ಎಂದು ಓದಿದ.

ಅತ್ತೆ ಕಣ್ಣು ಕಿರಿದು ಮಾಡಿ ಹತ್ತಿರ ಬಂದರು. “ಕೆಳಗೆ ಇನ್ನೂ ಏನೋ ಇದೆಯಲ್ಲ.”

“ಒಡೆದರೆ ಬದಲಾಯಿಸಿ ಕೊಡಲಾಗುವುದಿಲ್ಲ.”

ಗಾರೆಯವನನ್ನು ಕರೆಸಿದರು. ಪೆಟ್ಟಿಗೆಯಲ್ಲಿ ಬಂದದ್ದನ್ನು ಕೂರಿಸಿದ್ದೇನೆ, ದೊಡ್ಡವರ ಮನೆಯ ವಿಚಾರ, ನನಗ್ಯಾಕೆ ಎಂದು ಸುಮ್ಮನಿದ್ದೆ ಎಂದು ಅವನು ಹೇಳಿದ. ಭಾವ ಕಾರ್ಖಾನೆಗೆ ಫೋನು ಹಚ್ಚಿದ. ಭಾನುವಾರ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

“ರೀ, ನಮ್ಮನೆಗೆ ಬಂದಿದ್ದು ಎಲ್ಲಿದೆ?”

ಅಳಿಯ ಮನೆಯ ದಿಕ್ಕಿಗೆ ನೋಡಿದ. “ಒಲೇಲಿದೆ,” ಎಂದ.

ಎಲ್ಲರೂ ಭಾವನ ಕಾರು ಹತ್ತಿ ಮನೆಗೆ ಬಂದರು. ಹಿತ್ತಿಲಲ್ಲಿ ಯಜಮಾನರು ಎದ್ದು ನಿಂತು, ಅನಾಹುತವೇನೂ ಆಗಿಲ್ಲ ಎಂದು ವರದಿ ಒಪ್ಪಿಸಿದರು. ಅಳಿಯ ಮಾಂಸ ತೆಗೆದ, ಜಾಲರಿ ತೆಗೆದ, ಇಕ್ಕಳದಿಂದ ಬಿಲ್ಲೆ ಎತ್ತಿ ಮಗುಚಿದ.

ಅಂಟಿಸಿದ ಹಾಳೆ ಪೂರ್ತಿ ಸುಟ್ಟುಹೋಗಿತ್ತು. ಭಟ್ಟಿಯಲ್ಲಿ ಒಮ್ಮೆ ಬೆಂದು ಬಂದಿದ್ದ ಚಿತ್ರಕ್ಕೆ ಈ ಕೆಂಡ ಲೆಕ್ಕಕ್ಕಿರಲಿಲ್ಲ. ಮಸಿ ಒರೆಸಿದಲ್ಲಿ ಮಾವನ ಮುಖ ನೆಟ್ಟಗೆ ಅಳಿಯನನ್ನೇ ನೋಡುತ್ತಿತ್ತು. ಕಿವಿ ಎರಡೂ ಇರಲಿಲ್ಲ. ಕೆಳಗೆ ಎಡಗಡೆ ಹುಟ್ಟಿದ ತಾರೀಕು ಉಳಿದಿತ್ತು. ಬಲಗಡೆಯ ಸತ್ತ ತಾರೀಕನ್ನು ಮಷೀನು ಹಾರಿಸಿಬಿಟ್ಟಿತ್ತು. ಒಂದು ಲೆಕ್ಕದಲ್ಲಿ ಮಾವ ಇನ್ನೂ ಹೋಗಿಯೇ ಇರಲಿಲ್ಲ. ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದ ಮೇಸ್ತ್ರಿ ಒಳಗೆ ಸರಿದು ಬಾಗಿಲು ಹಾಕಿಕೊಂಡ.

ಹೆಂಡತಿ ಅತ್ತಳು. ಭಾವ ಏನೇನೋ ಅಂದ. ಇವನಿಗೆ ಕೊಟ್ಟದ್ದೇ ತಪ್ಪು ಎಂಬ ಮಾತೂ ಬಂತು. ಅದು ಒಲೆಯನ್ನೋ ತಂಗಿಯನ್ನೋ ಎಂದು ಅವನು ಬಿಡಿಸಿ ಹೇಳಲಿಲ್ಲ. ಆದರೆ ಬೆಳಿಗ್ಗೆಯಿಂದ ಯಾರೂ ಉಂಡಿರಲಿಲ್ಲ, ಪರಿಮಳ ಬೇರೆ. ಕೊನೆಗೆ ಒಬ್ಬೊಬ್ಬರಾಗಿ ಊಟಕ್ಕೆ ಕೂತರು. ಅತ್ತೆ ತಣ್ಣಗಾದ ಬಿಲ್ಲೆಯನ್ನು ಒರೆಸಿ, ಮೇಜಿನ ತಲೆಗೆ, ನೀರಿನ ಹೂಜಿಗೆ ಒರಗಿಸಿ ಇಟ್ಟರು.

ಮಾಂಸ ಬೆರಳು ತಾಗಿದರೆ ಬಿಡುವಷ್ಟು ಹದವಾಗಿ ಬೆಂದಿತ್ತು. ಭಾವ ಒಂದು ತುಂಡು ತಿಂದು ಇನ್ನೊಂದು ಹಾಕಿಸಿಕೊಂಡ. ಹೆಂಡತಿ ಕಣ್ಣೊರೆಸಿಕೊಂಡು, ಅಪ್ಪ ಮಾಡಿದ ಹಾಗೆಯೇ ಇದೆ ಎಂದಳು. ಅಳಿಯ ಅತ್ತೆಯ ಬಾಯನ್ನೇ ನೋಡುತ್ತಿದ್ದ. ಅವರು ಬಹಳ ಹೊತ್ತು ಅಗಿದರು.

“ಚೆನ್ನಾಗಿದೆಯಾ ಅತ್ತೆ?” ಎಂದು ಕೇಳಿಯೇ ಬಿಟ್ಟ.

“ಚೆನ್ನಾಗಿಲ್ದೆ ಏನು,” ಎಂದರು ಅತ್ತೆ. ಅವರ ಕಣ್ಣು ಬಿಲ್ಲೆಯ ಮೇಲಿತ್ತು. “ಬೆಳಿಗ್ಗೆಯಿಂದ ಉರಿಗೆ ಮುಖ ಕೊಟ್ಕೊಂಡು ಅವರೇ ತಾನೇ ಬೇಯಿಸಿದ್ದು.”

ಎಲ್ಲರೂ ಬಿಲ್ಲೆಯ ಕಡೆ ನೋಡಿ ಹೌದೆಂದು ತಲೆಯಾಡಿಸಿದರು. ಭಾವ ಬಿಲ್ಲೆಯಿಂದ ಕಣ್ಣು ತೆಗೆಯದೆ, ಖಾಲಿ ತಟ್ಟೆಯನ್ನು ಅಳಿಯನ ಮುಂದೆ ಚಾಚುತ್ತಾ, “ನಿನ್ನ ಕೈ ಕೈಯೇ ಅಪ್ಪಾ,” ಎಂದ.

ಅಳಿಯ ಎದ್ದು ಬಡಿಸಿದ.