ಕೋಟೆಗೊಂದು ಪ್ರದಕ್ಷಿಣೆ

ನನ್ನ ತಮ್ಮ ಇಷ್ಟು ವರ್ಷಗಳಲ್ಲಿ ಯಾರ ಮನೆಗೂ ನೇರವಾಗಿ ಮುಂಬಾಗಿಲಿನಿಂದ ಹೋದವನಲ್ಲ! ಕಳ್ಳನೇ ಎಂದು ಹುಬ್ಬೇರಿಸಬೇಡಿ. ಇಂಜಿನಿಯರು. ಮಿಶಿಗನ್ನಿನ ಟ್ರಾಯ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಕ್ವಾಲಿಟಿ ನೋಡಿಕೊಂಡವನು. ಯಾವ ಕಟ್ಟಡ ಕಂಡರೂ ಸರಿ, ಅದನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬರಬೇಕು. ಆಮೇಲೆಯೇ ಒಳಗೆ ಕಾಲು. ಈ ಖಯಾಲಿಯಲ್ಲಿ ಅರ್ಧ ನಮ್ಮಮ್ಮನ ಪಾಲು, ಅರ್ಧ ಫ್ಯಾಕ್ಟರಿಯದು. ಗುಡಿಗೆ ಪ್ರದಕ್ಷಿಣೆ ಹಾಕದೆ ಬರಬಾರದು ಎಂದು ಅಮ್ಮ ಹೇಳಿದ್ದಳು. ಮೆಷೀನು ಮುಟ್ಟುವ ಮೊದಲು ಸುತ್ತಲೂ ನಡೆದು ನೋಡು ಎಂದು ಅವನ ಮೊದಲ ಬಾಸ್ ಹೇಳಿದ್ದ. ಎರಡೂ ತಲೆಯಲ್ಲಿ ಬೆರೆತುಹೋಗಿ, ಯಾವುದು ಭಕ್ತಿ ಯಾವುದು ಇನ್‌ಸ್ಪೆಕ್ಷನ್ ಎಂಬುದು ಈಗ ಅವನಿಗೇ ತಿಳಿಯದು.

ಹೆಣ್ಣು ನೋಡಲು ಹೋದ ದಿನವೂ ಇದೇ ಕಥೆ! ಮೈಸೂರಿನ ಆ ಮನೆಯ ಹಾಲಿನಲ್ಲಿ ನಾವೆಲ್ಲ ಕೇಸರಿಬಾತಿನ ತಟ್ಟೆ ಹಿಡಿದು ಕೂತಿದ್ದೇವೆ, ಗಂಡೇ ಇಲ್ಲ. ಅವನು ಮನೆ ಸುತ್ತುತ್ತಿದ್ದ. ಹಿತ್ತಲಲ್ಲಿ ಹುಡುಗಿ ಮುಡಿಯಲು ಮಲ್ಲಿಗೆ ಕೀಳುತ್ತಿದ್ದಳು. ಇವನನ್ನು ಕಂಡವಳೇ, "ಕರೆಂಟ್ ಮೀಟರ್ ಓದಕ್ಕೆ ಬಂದ್ರಾ? ಆ ಗೋಡೇಲಿದೆ ನೋಡಿ" ಎಂದಳಂತೆ. ಬೇರೆ ಯಾರಾದರೂ ಆಗಿದ್ದರೆ ನಾಚಿ ಓಡುತ್ತಿದ್ದರು. ಇವನು ಹೋಗಿ ಮೀಟರ್ ಓದಿದ! "ಫ್ಯೂಸ್ ಸಡಿಲ ಇದೆ ಕಣ್ರೀ, ಸರಿ ಮಾಡಿಸ್ಕೊಳಿ" ಎಂದೂ ಹೇಳಿ ಬಂದ. ಹತ್ತು ನಿಮಿಷದ ಮೇಲೆ ಅವಳು ಕಾಫಿ ತಂದಾಗ ನೋಡುವುದೇನು, ಗಂಡಿನ ಕುರ್ಚಿಯಲ್ಲಿ ಮೀಟರಿನವನು! "ಬೇರೆ ಗಂಡು ಸಿಗ್ಲಿಲ್ವೇನೋ ಅಂದ್ಕೊಂಡೆ ಅತ್ತಿಗೆ" ಎಂದು ಇವತ್ತಿಗೂ ಹೇಳುತ್ತಾಳೆ. ಆದರೂ ಒಪ್ಪಿದಳು.

ಶಿಕಾಗೋ ಬಳಿಯ ಶಾಮ್‌ಬರ್ಗ್‌ನ ಸ್ನೇಹಿತರೊಬ್ಬರು ಜನವರಿಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ಅಲ್ಲೇ ಹತ್ತಿರದ ಅರೋರಾದ ನನ್ನ ಮನೆಯಿಂದ ಅವನನ್ನೂ ಕರೆದುಕೊಂಡು ಹೋದೆ. ಮೊಣಕಾಲುದ್ದ ಸ್ನೋ. ಪಂಚೆ ಉಟ್ಟು, ಮೇಲೆ ದಪ್ಪ ಜಾಕೆಟ್ ಹಾಕಿದ ಮನುಷ್ಯನೊಬ್ಬ ಗೋಡೆ ಸವರುತ್ತ, ಸೂರು ನೋಡುತ್ತ ಮನೆ ಸುತ್ತುತ್ತಿದ್ದರೆ ಪಕ್ಕದ ಮನೆಯ ಮುದುಕಿ ಏನು ಮಾಡಬೇಕು ಹೇಳಿ? ಪೊಲೀಸರಿಗೆ ಫೋನ್ ಮಾಡಿದಳು. ಪೊಲೀಸಪ್ಪ ಬಂದು, "ಸರ್, ಬಾಗಿಲು ಮುಂದಿದೆ" ಎಂದ. "ಗೊತ್ತು, ನಂದಿನ್ನೂ ಮುಗಿದಿಲ್ಲ" ಎಂದ ನಮ್ಮವನು. ಅಷ್ಟಕ್ಕೇ ಬಿಟ್ಟನೇ? ಪೊಲೀಸಿನವನ ಕಾರಿಗೂ ಒಂದು ಸುತ್ತು ಬಂದು, ಹಿಂದಿನ ದೀಪ ಒಂದು ಉರಿಯುತ್ತಿಲ್ಲ ಎಂದು ಹೇಳಿದ. ಅಂದು ಮೊದಲ ಪ್ರಸಾದ ಫಾಯಿಲ್‌ನಲ್ಲಿ ಸುತ್ತಿಕೊಂಡು ಹೋದವನು ಆ ಪೊಲೀಸು.

ಹೀಗೆ ಊರೆಲ್ಲ ನಗಿಸಿಕೊಂಡಿದ್ದವನಿಗೆ ಆ ರಿಸೆಶನ್ ವರ್ಷ ಬಡಿಯಿತು. ಅದೆಂಥ ಕಾಲ ಎಂದರೆ, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ಗಳಲ್ಲಿ "ಕೆಲಸ ಹೇಗಿದೆ?" ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹವಾಮಾನ, ಮಕ್ಕಳ ಸಾಕರ್, ಮತ್ತೆ ಹವಾಮಾನ. ಅಕ್ಟೋಬರಿನ ಒಂದು ಶುಕ್ರವಾರ ನನ್ನ ತಮ್ಮನ ಕೈಗೂ ಕೆಲಸದಿಂದ ತೆಗೆದ ಕಾಗದ ಬಂತು. ಹೆಂಡತಿಗೆ ಹೇಳಿದ, ನನಗೆ ಹೇಳಿದ. ಮಗಳಿಗೆ ಮಾತ್ರ ಹೇಳಲಿಲ್ಲ.

ಒಬ್ಬಳೇ ಮಗಳು. ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ವಿದ್ಯೆ ಓದುತ್ತಿದ್ದಳು. ಅವಳು ಆ ಕೋರ್ಸಿಗೆ ಹೊರಟಾಗ "ಬಿದ್ದ ಮನೆ ನೋಡಕ್ಕೂ ಒಂದು ಡಿಗ್ರಿನಾ?" ಎಂದು ಕೂಗಾಡಿದ್ದವನು ಇವನೇ. ಈಗ ಪ್ರತಿ ಭಾನುವಾರ ಫೋನಿನಲ್ಲಿ ಅವಳಿಗೆ ಇಲ್ಲದ ಆಫೀಸಿನ ವರದಿ ಒಪ್ಪಿಸುತ್ತಿದ್ದ. ಸುಳ್ಳು ಎಷ್ಟು ಬೆಳೆಯಿತೆಂದರೆ, ಏಪ್ರಿಲ್‌ನಲ್ಲಿ ತನಗೆ ತಾನೇ ಪ್ರಮೋಷನ್ ಕೊಟ್ಟುಕೊಂಡ!

ಮೇ ತಿಂಗಳಲ್ಲಿ ಮಗಳು, "ನಾನು ಪ್ರಾಜೆಕ್ಟ್ ಮಾಡ್ತಿರೋ ಕಾಸಲ್, ಹಳೇ ಕೋಟೆ, ನೋಡಕ್ಕೆ ಬನ್ನಿ" ಎಂದು ಹಟ ಹಿಡಿದಳು. ಅವನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಮನೆಗೆ ಅವಳದೊಂದೇ ಸಂಬಳವಾಗಿದ್ದಾಗ ರಜೆ ಕೇಳಲು ಅವಳಿಗೆ ಧೈರ್ಯವಿಲ್ಲ. ನನ್ನನ್ನು ಜೊತೆ ಹಾಕಿದಳು. "ಅತ್ತಿಗೆ, ಈ ಏಳು ತಿಂಗಳಲ್ಲಿ ಇವರು ಒಂದು ಕಡೆ ಕೂತಿದ್ದು ನಾನು ನೋಡಿಲ್ಲ. ಮಗಳಿಗೆ ಹೇಳದ ಹೊರತು ಇವರು ನಿಲ್ಲಲ್ಲ. ಹೇಳಿಸ್ಕೊಂಡೇ ಬನ್ನಿ. ನಾನು ಹೇಳಲ್ಲ, ನೀವೂ ಹೇಳ್ಬೇಡಿ. ಅವರ ಬಾಯಿಂದಲೇ ಬರ್ಬೇಕು" ಎಂದಳು.

ಹೊರಡುವ ಮೊದಲು ಒಂದು ವಾರ ಟ್ರಾಯ್‌ನಲ್ಲಿದ್ದೆ. ಅವಳು ಹೇಳಿದ್ದು ನಿಜ. ಬೆಳಿಗ್ಗೆ ಏಳೂವರೆಗೆ ಟೈ ಕಟ್ಟಿ ಮನೆ ಬಿಡುತ್ತಿದ್ದ. ಮನೆಗೆ ಒಂದು ಸುತ್ತು, ಆಮೇಲೆ ಬಡಾವಣೆಗೆ, ಅಂದರೆ ಇಡೀ ಸಬ್‌ಡಿವಿಷನ್‌ಗೆ ಸುತ್ತು, ಆಮೇಲೆ ಅದರಾಚೆಯ ಸಬ್‌ಡಿವಿಷನ್‌ಗೆ. ಅಲ್ಲಿನ ನಾಯಿಗಳಿಗೆಲ್ಲ ಅವನು ಪರಿಚಯ, ಅವನಿಗೆ ಅವುಗಳ ಹೆಸರು ಬಾಯಿಪಾಠ.

ವಿಮಾನದಲ್ಲಾದರೂ ಬೆಲ್ಟ್ ಕಟ್ಟಿ ಕೂರಿಸುತ್ತಾರಲ್ಲ ಎಂದು ನನಗೆ ಆಸೆ. ಆದರೆ ದೊಡ್ಡ ವಿಮಾನ, ಎರಡು ಓಣಿ! ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಸುತ್ತು ಪೂರ್ತಿಯಾಗುತ್ತದೆ. ಐದನೆಯ ಸುತ್ತಿಗೆ ಗಗನಸಖಿ ನಗುತ್ತ, "ಹೇಗೂ ಹೋಗ್ತಿದ್ದೀರಲ್ಲ ಸರ್" ಎಂದು ಕೈಗೆ ಕಸದ ಚೀಲ ಕೊಟ್ಟಳು. ನನ್ನ ತಮ್ಮ ಸಂತೋಷವಾಗಿ ಎಲ್ಲರ ಪ್ಲಾಸ್ಟಿಕ್ ಲೋಟ ಒಟ್ಟುಮಾಡಿಕೊಟ್ಟ. ಪಕ್ಕದ ಸೀಟಿನ ಹೆಂಗಸು ನನ್ನನ್ನು ಕೇಳಿದಳು: "ಅವರು ಇಲ್ಲಿ ಕೆಲಸ ಮಾಡ್ತಾರಾ?"

ನಾಲ್ಕು ದಿನ ಮಗಳ ಪುಟ್ಟ ಫ್ಲ್ಯಾಟಿನಲ್ಲಿದ್ದೆವು. ಬೆಳಗಿನ ಕಾಫಿಗೊಮ್ಮೆ ಅವನ ಮುಖ ನೋಡುತ್ತಿದ್ದೆ, ರಾತ್ರಿಯ ಊಟಕ್ಕೊಮ್ಮೆ ನೋಡುತ್ತಿದ್ದೆ. ಊಹೂಂ. ಕೊನೆಯ ದಿನ ಉಳಿಯಿತು. ಅದು ಕೋಟೆಯ ದಿನ.

ನನಗೂ ಒಂದು ಸ್ವಾರ್ಥವಿತ್ತು. ನಾನು ಮೈಸೂರಿನಲ್ಲಿ ಕಾನ್ವೆಂಟ್ ಓದಿದವಳು. ನಮ್ಮ ಇಂಗ್ಲಿಷ್ ರೀಡರಿನಲ್ಲಿ ಒಂದು ಕಾಸಲ್ ಇತ್ತು: ತುದಿಯಲ್ಲಿ ಬಾವುಟ, ಕಿಟಕಿಯಲ್ಲಿ ಉದ್ದ ಜಡೆಯ ರಾಜಕುಮಾರಿ, ಕಂದಕದಲ್ಲಿ ಹಂಸ. ಅದನ್ನು ನೋಡಿ ಬರೆದು ಬಣ್ಣ ತುಂಬಿದ್ದಕ್ಕೆ ಸಿಸ್ಟರ್ ನನ್ನ ಪುಸ್ತಕಕ್ಕೆ ಬೆಳ್ಳಿ ನಕ್ಷತ್ರ ಅಂಟಿಸಿದ್ದರು. ಒಂದು ದಿನ ಅಂಥ ಬಾಗಿಲೊಳಗೆ ಹೋಗಬೇಕು ಎಂದುಕೊಂಡಿದ್ದೆ. ಆಮೇಲೆ ಮದುವೆ, ಶಿಕಾಗೋ, ಸಂಸಾರ. ಅರವತ್ತೆಂಟಕ್ಕೆ ಕೊನೆಗೂ ಒಂದು ಕೋಟೆಯ ಮುಂದೆ ನಿಂತೆ. ಬಾವುಟವೂ ಇಲ್ಲ, ಚಾವಣಿಯೂ ಇಲ್ಲ. ಮುರಿದ ಹಲ್ಲಿನ ಹಾಗೆ ನಾಲ್ಕು ಗೋಪುರ, ಗೋಡೆಯ ಸಂದಿಯಲ್ಲಿ ಹುಲ್ಲು, ಸುತ್ತ ಕುರಿ. ಆದರೂ ಎದೆ ಡವಗುಟ್ಟಿತು, ಹಾನೆಸ್ಟ್ಲಿ!

"ಬನ್ನಿ ಅತ್ತೆ, ದಿ ಗೇಟ್ ಈಸ್ ರೈಟ್ ದೇರ್" ಎಂದಳು ಮಗಳು. ಗಂಟೆ ಮೂರು. ಐದಕ್ಕೆ ಮುಚ್ಚುತ್ತಾರೆ.

"ಇರಿ, ಒಂದು ರೌಂಡ್ ಬಂದ್ಬಿಡೋಣ" ಎಂದ ನನ್ನ ತಮ್ಮ, ಮತ್ತು ನಡೆದೇಬಿಟ್ಟ.

"ಅಪ್ಪಾ! ಇಟ್ಸ್ ನಾಟ್ ಎ ಟೆಂಪಲ್!"

"ಕಟ್ಟಡ ತಾನೇ?"

ಹೊರಗಿನ ಸುತ್ತೆಂದರೆ ಏನು ಸಾಮಾನ್ಯವೇ? ಒಂದು ಕಡೆ ಕುರಿ ಹಿಕ್ಕೆಯ ಮೈದಾನ, ಒಂದು ಕಡೆ ಮೈಗೆ ತಾಕಿದರೆ ಉರಿಯುವ ತುರಿಕೆ ಸೊಪ್ಪು. ರೇಷ್ಮೆ ಸೀರೆ, ಸ್ನೀಕರ್ಸ್, ಮೇಲೆ ನಮ್ಮ ಯಜಮಾನರ ಹಳೆಯ ವಿಂಡ್‌ಚೀಟರ್ ತೊಟ್ಟ ನಾನು ಎರಡು ಬೇಲಿ ಹತ್ತಿ ಇಳಿದೆ. ಹತ್ತುವಾಗ ಮಗಳು ಮೇಲಿಂದ ಎಳೆದಳು, ತಮ್ಮ ಕೆಳಗಿನಿಂದ "ಎಡಗಾಲು ಅಕ್ಕ, ಎಡಗಾಲು!" ಎಂದು ಡೈರೆಕ್ಷನ್ ಕೊಟ್ಟ. ಇವನಿಂದಲೇ ಹತ್ತಬೇಕಾಗಿ ಬಂದಿದ್ದು, ಇವನದೇ ಇನ್‌ಸ್ಟ್ರಕ್ಷನ್!

ಅಲ್ಲಲ್ಲಿ ನಿಂತು ಗೋಡೆ ತಟ್ಟಿ ನೋಡುತ್ತಿದ್ದ. "ಇಲ್ನೋಡು ಪುಟ್ಟಿ, ಮೇಲಿಂದ ಕೆಳಗಿನ ತನಕ ಬಿರುಕು."

"ಅಪ್ಪಾ, ಇಟ್ಸ್ ಬೀನ್ ದೇರ್ ಫಾರ್ ಸಿಕ್ಸ್ ಹಂಡ್ರೆಡ್ ಇಯರ್ಸ್."

"ಆರುನೂರು ವರ್ಷದಿಂದ ಯಾರೂ ರಿಪೋರ್ಟ್ ಬರ್ದಿಲ್ವಾ?"

"ವಿ ಡೋಂಟ್ ಫಿಕ್ಸ್ ಇಟ್, ಅಪ್ಪಾ. ಇರೋದು ಬೀಳದ ಹಾಗೆ ನೋಡ್ಕೋತೀವಿ, ಅಷ್ಟೇ."

"ಅದೆಂಥ ಕೆಲಸವೇ! ನನ್ನ ಪ್ಲಾಂಟಿನಲ್ಲಿ ಹಾಗೆ ಅಂದಿದ್ರೆ ಮನೆಗೆ ಕಳಿಸ್ತಿದ್ರು" ಎಂದುಬಿಟ್ಟ. ತಕ್ಷಣ ಬಾಯಿ ಮುಚ್ಚಿಕೊಂಡು ಸರಸರ ಮುಂದೆ ಹೋದ. ಮಗಳು ಹಿಂದೆಯೇ ಓಡಿದಳು. "ಅಂದ ಹಾಗೆ, ಹೇಗಿದೆ ನ್ಯೂ ಪೊಸಿಶನ್? ಟೀಮ್ ಹೇಗಿದೆ?"

"ಟೀಮಾ? ಫಸ್ಟ್ ಕ್ಲಾಸ್! ಮ್ಯಾಕ್ಸ್ ಅಂತ ಒಬ್ಬ ಇದಾನೆ, ಒಳ್ಳೇವ್ನು, ಸ್ವಲ್ಪ ಸೋಮಾರಿ. ಬಡ್ಡಿಗೆ ವಯಸ್ಸಾಯ್ತು, ಕಾಲು ನೋವು. ರಸ್ಟಿ ಮಾತ್ರ ಎಲ್ಲರ ಮೇಲೂ ಎಗರಾಡ್ತಾನೆ."

ನನಗೆ ಕೆಮ್ಮು ಬಂತು. ಆ ಮೂವರನ್ನೂ ನಾನು ಬಲ್ಲೆ. ಮ್ಯಾಕ್ಸ್ ಮೂಲೆಮನೆಯ ಲ್ಯಾಬ್ರಡಾರ್. ರಸ್ಟಿ ಕಳೆದ ವಾರವಷ್ಟೇ ನನ್ನ ಸೆರಗು ಕಚ್ಚಿ ಎಳೆದಿದ್ದ.

ಇದಿರಿಗೆ ಟ್ರ್ಯಾಕ್ಟರಿನ ರೈತನೊಬ್ಬ ಸಿಕ್ಕಿದ. ದಾರಿ ತಪ್ಪಿತೇ ಎಂದು ಕೇಳಿದ. "ಇಲ್ಲ, ಸುತ್ತು ಬರ್ತಿದೀವಿ" ಎಂದ ತಮ್ಮ. ಎಂಟ್ರೆನ್ಸ್ ಆ ಕಡೆ ಇದೆ ಎಂದ ರೈತ. "ಗೊತ್ತು" ಎಂದೆವು ಮೂವರೂ ಒಟ್ಟಿಗೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಹಿಂಬದಿಯಲ್ಲಿ ನದಿ ಅಡ್ಡ ಬಂತು. ಸದ್ಯ, ವಾಪಸ್ ಹೋಗಬಹುದು ಎಂದು ನಾನು ಉಸಿರು ಬಿಟ್ಟರೆ, "ಅರ್ಧ ಪ್ರದಕ್ಷಿಣೆ ಮಾಡಿದ್ರೆ ಮಾಡದೇ ಇದ್ದ ಹಾಗೆ" ಎಂದು ದೂರದ ಸೇತುವೆಯತ್ತ ಹೊರಟ. ಮುಕ್ಕಾಲು ಮೈಲಿ! ಮಗಳು ಗಡಿಯಾರ ನೋಡಿಕೊಂಡು ಮುಂದೆ ಓಡಿದಳು. ಸೇತುವೆಯ ಮೇಲೆ ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

"ಲೋ, ಹೇಳ್ತೀಯೋ ಇಲ್ವೋ?"

"ಸುತ್ತು ಮುಗೀಲಿ ಅಕ್ಕ."

"ನಾಳೆ ಬೆಳಿಗ್ಗೆ ಫ್ಲೈಟು ಕಣೋ. ನಾಯಿಗಳಿಗೂ ಪ್ರಮೋಷನ್ ಕೊಟ್ಟು ಹೋಗ್ತೀಯಾ?"

ಅವನು ನಗಲಿಲ್ಲ. ನೀರು ನೋಡುತ್ತ ಹೇಳಿದ, "ಆ ಕೋರ್ಸ್ ಬೇಡ ಅಂದಾಗ ಅವಳಿಗೆ ಏನಂದಿದ್ದೆ ಗೊತ್ತಾ? ನನ್ನ ಹಾಗೆ ಗಟ್ಟಿ ಕೆಲಸ ಹಿಡಿ ಅಂದಿದ್ದೆ. ಗಟ್ಟಿ ಅಂದಿದ್ದೆ ಅಕ್ಕ." ಕೈ ಬಿಡಿಸಿಕೊಂಡು ಮತ್ತೆ ನಡೆದ. ಇಷ್ಟು ಜೋರಾಗಿ ನಡೆಯುವ ಮನುಷ್ಯ ಇಷ್ಟು ದಣಿದಿದ್ದಾನೆಂದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

ಆಚೆ ದಡದಲ್ಲಿ ನಡೆದು, ಇನ್ನೊಂದು ಸೇತುವೆ ದಾಟಿ ಗೇಟಿಗೆ ಬಂದಾಗ ಐದಕ್ಕೆ ಹದಿನೈದು ನಿಮಿಷ. ಟಿಕೆಟ್ ಗೂಡಿನಲ್ಲಿ ನನ್ನ ವಯಸ್ಸಿನ ಒಬ್ಬಾಕೆ ಹೆಣಿಗೆ ಮಡಚಿಡುತ್ತಿದ್ದಳು. ನಮ್ಮನ್ನು ಕಂಡು ಕನ್ನಡಕ ಏರಿಸಿಕೊಂಡು, "ಕನ್ಸೆಶನ್ ಯಾರಿಗಾದ್ರೂ ಇದೆಯಾ? ಸೀನಿಯರ್, ಸ್ಟೂಡೆಂಟ್, ಅನ್‌ಎಂಪ್ಲಾಯ್ಡ್?" ಎಂದು ಒಂದೇ ಉಸಿರಿಗೆ ಕೇಳಿದಳು. ಮಗಳು ಪರ್ಸ್ ತೆರೆದಿದ್ದಳು. ಅಂದು ತಾನೇ ಟಿಕೆಟ್ ಕೊಡಿಸಬೇಕೆಂಬ ಹಟ. "ನಾನು ಸ್ಟೂಡೆಂಟ್. ಅತ್ತೆ ಸೀನಿಯರ್. ಅಪ್ಪ ಫುಲ್ ಅಡಲ್ಟ್."

"ವೇಯ್ಟ್" ಎಂದ ನನ್ನ ತಮ್ಮ.

ಕುರಿಯೊಂದು ಅರಚಿತು. ಅವನು ಗೂಡಿನ ಕಿಂಡಿಯ ಕಡೆ ಬಾಗಿ, ಮಗಳ ಮುಖ ನೋಡದೆ, ಇಂಗ್ಲಿಷಿನಲ್ಲಿ ಹೇಳಿದ: "ಐ ಆಮ್ ದಿ ಥರ್ಡ್ ಒನ್."

ಆಕೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮಗಳಿಗೆ ಅಷ್ಟೂ ಹಿಡಿಯಲಿಲ್ಲ.

"ಸಾರಿ ಡಿಯರ್, ತೋರಿಸೋಕೆ ಏನಾದ್ರೂ ಇದೆಯಾ?" ಎಂದಳಾಕೆ ಮೆಲ್ಲಗೆ. ಇಪ್ಪತ್ತಾರು ವರ್ಷ ಎಲ್ಲರಿಂದಲೂ ಪ್ರೂಫ್ ಕೇಳಿದವನಲ್ಲವೇ! ಕೋಟಿನ ಒಳಜೇಬಿಗೆ ಕೈ ಹಾಕಿ ಆ ಅಕ್ಟೋಬರಿನ ಕಾಗದ ತೆಗೆದು ಕಿಂಡಿಯಲ್ಲಿಟ್ಟ. ಆಕೆ ಓದಲೂ ಇಲ್ಲ. "ಮೂರೂ ಕನ್ಸೆಶನ್ ಹಾಗಾದ್ರೆ" ಎಂದು ಟಿಕೆಟ್ ಹರಿದಳು. ಮುದುಕಿ, ವಿದ್ಯಾರ್ಥಿನಿ, ಕೆಲಸವಿಲ್ಲದವನು. ನೋಡಿ, ಮೂವರಿಗೂ ಒಂದೇ ರೇಟು!

ನಾನು ನಕ್ಕೆ. ನಾನೊಬ್ಬಳೇ ನಕ್ಕಿದ್ದು. ಮಗಳು ಕಾಗದ ಎತ್ತಿಕೊಂಡು ಓದಿ, ತಾರೀಖು ಇನ್ನೊಮ್ಮೆ ನೋಡಿದಳು.

"ಅಕ್ಟೋಬರ್? ನನಗಿಂತ ಮೊದ್ಲು ಟಿಕೆಟ್ ಲೇಡಿಗೆ ಹೇಳಿದ್ಯಾ ಅಪ್ಪಾ?"

"ಅವರು ಕೇಳಿದ್ರು ಪುಟ್ಟಿ."

"ಮ್ಯಾಕ್ಸ್? ಬಡ್ಡಿ?"

"ನಾಯಿಗಳು ಕಣಮ್ಮ" ಎಂದೆ ನಾನು.

ಅವಳ ಮುಖದ ಮೇಲೆ ನಗುವೂ ಅಳುವೂ ಒಟ್ಟಿಗೆ ಬಂದು, ಯಾವುದು ಮೊದಲು ಎಂದು ತಳ್ಳಾಡಿದವು. ಬೈಯುತ್ತಾಳೇನೋ ಎಂದು ನಾನು ಕಾದೆ. ಬೈಯಲು ಅವಳಿಗೆ ಎಲ್ಲ ಹಕ್ಕೂ ಇತ್ತು. ಅವಳು ಕಾಗದವನ್ನು ಬೆಳಕಿಗೆ ಹಿಡಿದಳು. ಆಗ ನನಗೂ ಕಂಡಿತು. ತೆಗೆದು ಮಡಚಿ, ತೆಗೆದು ಮಡಚಿ, ಮಡಿಕೆಗಳೆಲ್ಲ ಹರಿದು ಆ ಕಾಗದ ನಾಲ್ಕು ಚೂರಾಗಿತ್ತು. ಚೂರುಗಳನ್ನು ಅಂಚಿಗೆ ಅಂಚು ಕೂಡಿಸಿ, ಒಂದು ಕೂದಲಿನಷ್ಟೂ ಓರೆಯಾಗದ ಹಾಗೆ ಹಿಂದಿನಿಂದ ಟೇಪು ಹಚ್ಚಿದ್ದ.

ಅವನು ಕಾಗದಕ್ಕಾಗಿ ಕೈ ಚಾಚಿದ. ಅವಳು ಕೊಡಲಿಲ್ಲ. ನೂರಾರು ವರ್ಷದ ಕಲ್ಲು ಮುಟ್ಟುವಾಗ ಹೇಗೆ ಬೆರಳಿಡುತ್ತಾಳೋ ಹಾಗೆ, ಅದದೇ ಮಡಿಕೆಗಳಲ್ಲಿ, ಒಂದೊಂದಾಗಿ ಮಡಚಿ ತನ್ನ ಬ್ಯಾಗಿನೊಳಗಿಟ್ಟು ಜಿಪ್ ಎಳೆದಳು. ಅವನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದರಲ್ಲಿ ಅವನ ಟಿಕೆಟ್ ಇಟ್ಟು ಬೆರಳುಗಳನ್ನು ಮುಚ್ಚಿದಳು.

"ಬಾ ಅಪ್ಪಾ. ಇನ್ನೂ ಹತ್ತು ನಿಮಿಷ ಇದೆ."