ತಲಾ ಹದಿಮೂರು ನಿಮಿಷ

ಬಚ್ಚಲಮನೆಯ ಮುಂದಿನ ಸಾಲನ್ನು ಹದಿನೈದೇ ದಿನದಲ್ಲಿ ಇಲ್ಲವಾಗಿಸುತ್ತೇನೆ ಎಂದು ಗಣಿತದ ಮೇಷ್ಟ್ರು ಭಾನುವಾರ ಊಟಕ್ಕೆ ಕೂತಾಗ ಘೋಷಿಸಿದರು. ಮನೆಯಲ್ಲಿ ಐದು ಜನ, ಬಚ್ಚಲು ಒಂದು. ಮೇಷ್ಟ್ರು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಹೋದ ವರ್ಷದಿಂದ ಜೊತೆಗಿದ್ದ ಹೆಂಡತಿಯ ತಂದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಆ ಬಾಗಿಲಲ್ಲಿ ಮಹಾಯುದ್ಧವೇ. ಏಳನೇ ತರಗತಿಗೆ ಆ ವಾರವಷ್ಟೇ ಸರಾಸರಿಯ ಪಾಠ ಮಾಡಿದ್ದ ಮೇಷ್ಟ್ರಿಗೆ ಇದು ಹೂ ಎತ್ತಿದಷ್ಟು ಸಲೀಸು!

ವಾರವಿಡೀ ಅವರು ಗಡಿಯಾರ ಹಿಡಿದು ಬಾಗಿಲ ಹೊರಗೆ ಕಾವಲು ಕೂತರು. ಹೆಂಡತಿ ಆರು ನಿಮಿಷ, ದೊಡ್ಡವಳು ಒಂಬತ್ತು, ಚಿಕ್ಕವಳು ಐದು, ತಾವು ಏಳು, ಮಾವ ಮೂವತ್ತೆಂಟು. ಕೂಡಿದರೆ ಅರವತ್ತೈದು, ಐದರಿಂದ ಭಾಗಿಸಿದರೆ ಹದಿಮೂರು. ತಲಾ ಹದಿಮೂರು ನಿಮಿಷದ ವೇಳಾಪಟ್ಟಿ ಬಾಗಿಲಿಗೆ ಅಂಟಿತು. ಅಲಾರಂ ಕಿಟಕಿಯ ಅಂಚಿನಲ್ಲಿ ಅಧಿಕಾರ ವಹಿಸಿಕೊಂಡಿತು.

ಸೋಮವಾರ ಚಿಕ್ಕವಳು ಐದು ನಿಮಿಷಕ್ಕೆ ಸ್ನಾನ ಮುಗಿಸಿದಳು. ತನ್ನ ಪಾಲಿನಲ್ಲಿ ಉಳಿದ ಎಂಟು ನಿಮಿಷ ಬಿಟ್ಟುಕೊಡಲು ಒಪ್ಪದೆ ಒಳಗೇ ಹಾಡುತ್ತ ಕೂತಳು. ನಲ್ಲಿ ನಿಲ್ಲಿಸುವುದು ಮರೆತದ್ದರಿಂದ ನೀರು ಹೊಸಿಲು ದಾಟಿ ಬಂದು ಮೇಷ್ಟ್ರ ಕಾಲು ತೊಳೆಯಿತು. ಆಮೇಲೆ ಮಾವನ ಸರದಿ. ಅಲಾರಂ ಹೊಡೆದದ್ದೇ ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡ ಮಾವನ ತಲೆತುಂಬ ಸೋಪಿನ ನೊರೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಬಿಳಿ ಗಡ್ಡ ಹಾಗೇ.

“ಇದೇನು ಮಾವ?”

“ನಿಮ್ಮ ಸರಾಸರಿ ಒಂದು ಕೆನ್ನೆಗೇ ಮುಗಿದುಹೋಯ್ತು, ಅಳಿಯಂದ್ರೇ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಂಡತಿ ನಗಲಿಲ್ಲ. ಮೇಷ್ಟ್ರನ್ನು ಅಡುಗೆಮನೆಗೆ ಕರೆದು, ಅಪ್ಪನ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಎಲ್ಲವೂ ಎಡಗೈಯಲ್ಲೇ ಆಗಬೇಕು, ಯಾರಿಗೂ ಹೇಳಕೂಡದೆಂದು ತನ್ನಿಂದ ಮಾತು ತೆಗೆದುಕೊಂಡಿದ್ದಾರೆ ಎಂದಳು.

“ವಾರವೆಲ್ಲ ಬಾಗಿಲಲ್ಲೇ ಕೂತಿದ್ರಲ್ಲ, ಯಾಕೆ ಇಷ್ಟು ಹೊತ್ತು ಅಂತ ಒಂದು ಸಲ ಕೇಳಿದ್ರಾ?”

ಮೇಷ್ಟ್ರ ಮುಖ ಹುಳ್ಳಗಾಯಿತು. ಯೋಚಿಸಿದರೆ, ಹದಿಮೂರು ನಿಮಿಷ ಸ್ನಾನ ಮಾಡುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ! ಐವರನ್ನೂ ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವಿನವರನ್ನು ಹಿಡಿದಿದ್ದರೆ ಏಳು ಬರುತ್ತಿತ್ತು. ನಾಲ್ವರ ಮಟ್ಟಿಗೆ ಅದು ನಿಜಕ್ಕೆ ಹತ್ತಿರ. ಆದರೆ ಮಾವನ ಕೈ ಆ ಏಳರಲ್ಲೂ ಕಾಣುತ್ತಿರಲಿಲ್ಲ. ಗುಂಪಿಗೆ ಸೇರದ ಸಂಖ್ಯೆಯನ್ನು ಪಕ್ಕಕ್ಕಿಡಿ ಎಂದು ತರಗತಿಯಲ್ಲಿ ಎಷ್ಟು ಹಗುರವಾಗಿ ಹೇಳಿಬಿಟ್ಟಿದ್ದರು! ಆ ಸಂಖ್ಯೆ ಈಗ ನೊರೆ ಒಣಗಿಸಿಕೊಳ್ಳುತ್ತ ಪಡಸಾಲೆಯಲ್ಲಿ ನಿಂತಿತ್ತು.

ಮೇಷ್ಟ್ರು ಪಟ್ಟಿ ಹರಿದು, ತೋಳು ಮಡಚಿ, ತಲೆ ತೊಳೆದುಕೊಡುತ್ತೇನೆ ಎಂದರು. ಮಾವ ಬೇಡವೆಂದರು, ಮತ್ತೂ ಬೇಡವೆಂದರು, ಕಡೆಗೆ ಸ್ಟೂಲಿನ ಮೇಲೆ ಕೂತರು.

ಅಂದಿನಿಂದ ಅದೇ ರೂಢಿ. ಗುರುವಾರ ಹೆಂಡತಿ ಬಾಗಿಲು ತಟ್ಟಿ, ಇಬ್ಬರು ಸೇರಿದರೂ ಐವತ್ತು ನಿಮಿಷ ಯಾಕೆಂದು ಕೇಳಿದಳು. ಒಳಗಿನಿಂದ ಮಾವನ ದನಿ ಕೇಳಿಸಿತು:

“ನನ್ನ ಬೈಬೇಡಮ್ಮ. ನಿನ್ನ ಗಂಡನಿಗೆ ತಲೆ ತಿಕ್ಕೋಕೆ ಬರಲ್ಲ, ಮೊದಲಿಂದ ಪಾಠ ಹೇಳಿಕೊಡ್ತಿದ್ದೀನಿ.”